ದಾರ ಕಡಿಯುತ್ತಿದ್ದರೆ ಹೀಟರ್ ಮುಟ್ಟಬೇಡಿ, ಕಡಿದ ತುದಿ ನೋಡಿ: ನ್ಯಾನೋ ಫಿಲ್ಲರ್ ಹಾಕಿದ ಎಳೆಗಳ ದೋಷ ನಿವಾರಣೆ

ದಾವಣಗೆರೆ ಕಡೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಳೆ ಎಂದರೆ ಮೊದಲು ನೆನಪಾಗುವುದು ಮೆಕ್ಕೆಜೋಳದ ಚೀಲ. ಅದರ ಹಿಂದೆಯೇ ಚೀಲದ ಬಾಯಿ ಹೊಲಿಯುವ ದಾರ, ಬೆಲ್ಟಿನ ಪಟ್ಟಿಗೆ ಹೋಗುವ, ಹಲವು ಎಳೆ ಸೇರಿದ ಮಲ್ಟಿಫಿಲಮೆಂಟ್ ನೂಲು. ಇವಕ್ಕೆ ಫಿಲ್ಲರ್ ಆಗಿ, ಅಂದರೆ ತುಂಬುಪುಡಿಯಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುವುದು ಹಳೆಯ ರೂಢಿ. ಮೈಕ್ರಾನ್ ಪುಡಿಯ ಜಾಗಕ್ಕೆ ನ್ಯಾನೋ ಪುಡಿ ತಂದಾಗ ಮಾತ್ರ ಹಳೆಯ ಲೆಕ್ಕಗಳು ಕೈಕೊಡುತ್ತವೆ. ಶೇ. 2 ಅಥವಾ 3 ಹಾಕಿದರೆ ಗಟ್ಟಿತನ ಹೆಚ್ಚುತ್ತದೆ ಎಂದು ಕೊಂಡ ಮಾಸ್ಟರ್‌ಬ್ಯಾಚ್ (ಫಿಲ್ಲರನ್ನು ದಟ್ಟವಾಗಿ ತುಂಬಿದ ಪ್ಲಾಸ್ಟಿಕ್ ಕಾಳು), ಲೈನಿಗೆ ಹೋದಮೇಲೆ ಪ್ಯಾಕ್ ಪ್ರೆಶರ್ (ಕರಗಿದ ಮಾಲನ್ನು ಸೋಸುವ ಜಾಲರಿಯ ಹಿಂದಿನ ಒತ್ತಡ) ಏರಿಸುತ್ತದೆ, ನೂಲು ಎಳೆಯುವ ಉರುಳೆಗಳಾದ ಗೋಡೆಟ್‌ಗಳ ನಡುವೆ ದಾರ ಕಡಿಸುತ್ತದೆ, ನೂಲಿನ ಮೇಲೆ ಬಿಳಿ ಮಚ್ಚೆ ತೋರಿಸುತ್ತದೆ.

ಆಗ ಶಿಫ್ಟಿನಲ್ಲಿ ನಡೆಯುವ ಮಾತು ಎಲ್ಲ ಕಡೆಯೂ ಒಂದೇ.

"ಸರ, ಎರಡನೇ ಪೊಸಿಷನ್ ಮತ್ತೆ ಕಡೀತು. ಹತ್ತು ಡಿಗ್ರಿ ಏರುಸ್ಲೇನ್ರಿ?"

"ಬ್ಯಾಡ ತಡಿಯಪ್ಪ. ಕಡಿದ ತುದಿ ತಗಂಡ್ ಬಾ ಮೊದ್ಲು."

ಎರಡನೆಯ ಮಾತು ಹೇಳುವವರು ಕಡಿಮೆ. ಹತ್ತು ಡಿಗ್ರಿ ಏರಿಸಿದರೆ ಕರಗಿದ ಪಿಪಿ ತೆಳುವಾಗುತ್ತದೆ, ಪ್ರೆಶರ್ ಇಳಿಯುತ್ತದೆ, ಸ್ವಲ್ಪ ಹೊತ್ತು ಲೈನು ಓಡುತ್ತದೆ. ಆದರೆ ತೆಳುವಾದ ಮಾಲಿನಲ್ಲಿ ಫಿಲ್ಲರ್ ಗಂಟುಗಳನ್ನು ಒಡೆಯುವ ಉಜ್ಜುಬಲವೂ ಅಷ್ಟೇ ಕಡಿಮೆ. ಜೊತೆಗೆ ಪಿಪಿಯ ಉದ್ದ ಅಣು ಸರಪಳಿಗಳು ಶಾಖಕ್ಕೆ ತುಂಡಾಗಿ ಎಂಎಫ್‌ಐ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) ಏರುತ್ತದೆ. ಇದ್ದ ಒಂದು ದೋಷದ ಮೇಲೆ ಇನ್ನೊಂದು ಕೂತು, ಯಾವುದು ಮೂಲ, ಯಾವುದು ನಾವೇ ತಂದುಕೊಂಡದ್ದು ಎಂದು ಗೊತ್ತಾಗದ ಸ್ಥಿತಿ ಬರುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಹೀಟರಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ.

ದೋಷ ಯಾವ ಕಡೆಯದು

ಮಾಸ್ಟರ್‌ಬ್ಯಾಚ್ ನಿಲ್ಲಿಸಿ, ಅದೇ ಶಾಖ, ಅದೇ ವೇಗದಲ್ಲಿ ಬರೀ ಪಿಪಿ ಓಡಿಸಿ. ಹಳೆಯ ಮಾಲು ಪೂರ್ತಿ ಹೊರಬಂದ ಮೇಲೆಯೇ ಕಡಿತ ಎಣಿಸಲು ಶುರುಮಾಡಿ. ಬರೀ ಪಿಪಿಯಲ್ಲೂ ಕಡಿಯುತ್ತಿದ್ದರೆ ಫಿಲ್ಲರನ್ನು ಬೈಯುವ ಅಗತ್ಯವಿಲ್ಲ. ನಿಂತರೆ ಇನ್ನೊಂದು ಹೆಜ್ಜೆ ಇಡಬೇಕು. ಮಾಸ್ಟರ್‌ಬ್ಯಾಚ್‌ನಲ್ಲಿ ಫಿಲ್ಲರ್ ಹೊತ್ತು ತರುವ ಕ್ಯಾರಿಯರ್ ರೆಸಿನ್ ಇರುತ್ತದಲ್ಲ, ಅದರ ಕಾಳನ್ನಷ್ಟೇ ಸರಬರಾಜುದಾರರಿಂದ ತರಿಸಿ ಓಡಿಸಿ ನೋಡಿ. ಕ್ಯಾರಿಯರ್ ಪಾಲಿಥೀನ್ ಆಗಿದ್ದರೆ ಅದು ಪಿಪಿಯೊಳಗೆ ಬೆರೆಯದೆ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ದಪ್ಪ ಟೇಪಿನಲ್ಲಿ ಇದು ನಡೆದುಹೋಗುತ್ತದೆ, 3 ಡೆನಿಯರ್‌ನ (9,000 ಮೀಟರಿಗೆ 3 ಗ್ರಾಂ ತೂಗುವ) ಎಳೆಯಲ್ಲಿ ನಡೆಯುವುದಿಲ್ಲ.

ಪ್ರೆಶರ್ ಮೀಟರಿನ ಮುಳ್ಳನ್ನೂ ಓದಿ. ಪ್ಯಾಕ್ ಬದಲಿಸಿದಾಗಿನಿಂದ ಒಂದೇ ಸಮನೆ ಏರುತ್ತಿದ್ದರೆ ಜಾಲರಿಗೆ ಗಂಟು ಕಟ್ಟುತ್ತಿದೆ. ಏರಿ ಏರಿ ಥಟ್ಟನೆ ಬಿದ್ದರೆ ಜಾಲರಿ ಹರಿದಿದೆ. ಶಾಖ ಬದಲಿಸದಿದ್ದರೂ ನಿಧಾನಕ್ಕೆ ಇಳಿಯುತ್ತಿದ್ದರೆ ಪಾಲಿಮರ್ ಕೆಡುತ್ತಿದೆ, ಹೊರಬಂದ ನೂಲಿನ ಎಂಎಫ್‌ಐಯನ್ನು ಕಾಳಿನ ಎಂಎಫ್‌ಐ ಜೊತೆ ಹೋಲಿಸಿ. ಮುಳ್ಳು ಅಲುಗಾಡದೆ ನಿಂತಿದ್ದೂ ದಾರ ಕಡಿಯುತ್ತಿದ್ದರೆ ಅದು ಹೆಚ್ಚು ಕುತೂಹಲದ ಪ್ರಕರಣ. ಅಲ್ಲಿ ತೇವದ ಮೇಲೆ ಅಥವಾ ಹರಳಿನ (ಪಿಪಿ ತಣಿಯುವಾಗ ಅದರ ಸರಪಳಿಗಳು ಕ್ರಮವಾಗಿ ಜೋಡಿಕೊಂಡು ಆಗುವ ಗಟ್ಟಿ ಭಾಗ) ಮೇಲೆ ನನ್ನ ಅನುಮಾನ.

ಕಡಿಯುವ ಜಾಗವೂ ಮಾತಾಡುತ್ತದೆ. ಕರಗಿದ ಮಾಲು ಎಳೆಯಾಗಿ ಹೊರಬರುವ ತೂತಿನ ತಟ್ಟೆ, ಅಂದರೆ ಸ್ಪಿನ್ನರೆಟ್, ಅದರ ಕೆಳಗೇ ಹನಿ ಬಿದ್ದು ಕಡಿದರೆ ತೇವ, ಗಾಳಿಗುಳ್ಳೆ ಅಥವಾ ಕೆಟ್ಟ ಪಾಲಿಮರ್. ಎಳೆತದ ಗೋಡೆಟ್‌ಗಳ ನಡುವೆ ಕಡಿದರೆ ಗಂಟು ಅಥವಾ ಹರಳು. ನೂಲು ಸುತ್ತುವ ವೈಂಡರ್ ಹತ್ತಿರ ಕಡಿದರೆ ಗೈಡ್ (ದಾರಕ್ಕೆ ದಾರಿ ತೋರುವ ಭಾಗ) ಸವೆತ, ಇಲ್ಲವೇ ಸ್ಪಿನ್ ಫಿನಿಶ್ (ನೂಲಿಗೆ ಹಚ್ಚುವ ಎಣ್ಣೆ) ದೋಷ.

ಕಡಿದ ತುದಿ

ಕಾಲೇಜು ಲ್ಯಾಬಿನಲ್ಲಿರುವಂಥ ಸಾಮಾನ್ಯ ಸೂಕ್ಷ್ಮದರ್ಶಕ ಸಾಕು. ನ್ಯಾನೋ ಕಣ ಅದರಲ್ಲಿ ಕಾಣುವುದಿಲ್ಲ, ಬೆಳಕಿನ ಸೂಕ್ಷ್ಮದರ್ಶಕದ ಮಿತಿ ಸುಮಾರು 0.2 ಮೈಕ್ರಾನ್. ಆದರೆ ಕಡಿತಕ್ಕೆ ಕಾರಣ ಬಿಡಿ ಕಣವಲ್ಲ, ಕಣಗಳು ಸೇರಿ ಆದ ಗಂಟು, ಅದು ಕಾಣುತ್ತದೆ. ಕಡಿದ ಇಪ್ಪತ್ತು ತುದಿಗಳನ್ನಾದರೂ ಕೂಡಿಸಿ. ಒಂದೆರಡು ತುದಿ ನೋಡಿ ತೀರ್ಪು ಕೊಡುವುದು ಬೇಡ.

ಗಾಜಿನ ಮೇಲೆ ಒಣ ಎಳೆ ಇಟ್ಟರೆ ಅಂಚಿನ ಹೊಳಪೇ ಕಣ್ಣಿಗೆ ಹೊಡೆಯುತ್ತದೆ, ಒಳಗಿನದು ಕಾಣುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಅಥವಾ ಗ್ಲಿಸರಿನ್ ಒಂದು ಹನಿ ಹಾಕಿ. ಬೆಳಕನ್ನು ಬಾಗಿಸುವುದರಲ್ಲಿ ಇವೂ ಪಿಪಿಯೂ ಹತ್ತಿರ ಹತ್ತಿರ ಇರುವುದರಿಂದ ಎಳೆಯ ಅಂಚು ಮಾಯವಾಗಿ ಒಳಗಿನ ಗಂಟು, ಪೊಳ್ಳು ಎದ್ದು ಕಾಣುತ್ತವೆ. ಇನ್ನೂ ಒಂದು ಉಪಾಯವಿದೆ. ಹಳೆಯ ಎಲ್‌ಸಿಡಿ ಡಿಸ್‌ಪ್ಲೇಯಿಂದ ಬಿಡಿಸಿದ ಪೋಲರೈಸರ್ ಹಾಳೆಯನ್ನು ಎರಡು ತುಂಡು ಮಾಡಿ, ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಅಡ್ಡಲಾಗಿ ಮೇಲೆ ಹಿಡಿಯಿರಿ. ಎಳೆದ ಪಿಪಿ ಎಳೆ ಹೊಳೆಯುತ್ತದೆ. ಸ್ಲೈಡನ್ನು ಮೆಲ್ಲಗೆ ತಿರುಗಿಸುತ್ತ ಎಳೆಯನ್ನು ಕೆಳಗಿನ ಹಾಳೆಯ ದಿಕ್ಕಿಗೆ ತಂದಾಗ ಎಳೆ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಗಂಟುಗಳು ಮಾತ್ರ ಬಿಳಿ ಚುಕ್ಕೆಗಳಾಗಿ ಉರಿಯುತ್ತವೆ, ಏಕೆಂದರೆ ಗಂಟಿನೊಳಗಿನ ಹರಳುಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಸಿಲಿಕಾಕ್ಕೆ ಈ ಆಟ ನಡೆಯುವುದಿಲ್ಲ, ಅದು ಹರಳಲ್ಲ. ಕಾರ್ಬನ್ ಬ್ಲ್ಯಾಕ್‌ಗೆ ಇದು ಬೇಕಾಗಿಯೂ ಇಲ್ಲ, ಅದು ಮೊದಲೇ ಕರಿ ಚುಕ್ಕೆ.

ತುದಿಯ ಹತ್ತಿರ ಗಂಟು ಕೂತಿದ್ದು, ಅದರ ಎರಡೂ ಕಡೆ ಎಳೆದ ದಿಕ್ಕಿನಲ್ಲಿ ಚೂಪಾದ ಪೊಳ್ಳು ಬಾಯಿಬಿಟ್ಟಿದ್ದರೆ ಅಪರಾಧಿ ಸಿಕ್ಕಂತೆ. ಎಳೆಯುವಾಗ ಪಾಲಿಮರ್ ಉದ್ದವಾಗುತ್ತದೆ, ಗಂಟು ಆಗುವುದಿಲ್ಲ, ನಡುವೆ ಬಿರುಕು ಬೀಳುತ್ತದೆ. ತುದಿ ಗಂಟಿಲ್ಲದೆ ಉದ್ದುದ್ದ ಸೀಳಿ ನಾರುನಾರಾಗಿದ್ದರೆ ಎಳೆತ ಅತಿಯಾಗಿದೆ. ಬೆಣೆಯಂತೆ ಸಣ್ಣಗಾಗಿ ಮುಗಿದಿದ್ದರೆ ಆ ಜಾಗ ಇನ್ನೂ ಮೆತ್ತಗಿದ್ದಾಗಲೇ ಕಡಿದಿದೆ, ಎಳೆ ತಣಿಸುವ ಕ್ವೆಂಚ್ ಗಾಳಿ ನೋಡಿ.

ಎಷ್ಟು ದೊಡ್ಡ ಗಂಟು ಅಪಾಯಕಾರಿ? ಲೆಕ್ಕ ಸುಲಭ. 3 ಡೆನಿಯರ್ ಪಿಪಿ ಎಳೆಯ ವ್ಯಾಸ ಸುಮಾರು 22 ಮೈಕ್ರಾನ್. ಅದನ್ನು ನಾಲ್ಕು ಪಟ್ಟು ಎಳೆದು ಪಡೆದಿದ್ದರೆ, ಎಳೆಯುವ ಮೊದಲು 43 ಮೈಕ್ರಾನ್ ಇತ್ತು. 8 ಮೈಕ್ರಾನಿನ ಒಂದು ಗಂಟು ಎಳೆಯದ ನೂಲಿನಲ್ಲಿ ಅಗಲದ ಐದನೇ ಒಂದು ಪಾಲಿಗಿಂತ ಕಡಿಮೆ. ಎಳೆದ ಮೇಲೆ ಅದೇ ಗಂಟು ಅಗಲದ ಮೂರನೇ ಒಂದು ಪಾಲನ್ನು ದಾಟುತ್ತದೆ. ಸ್ಪಿನ್ನರೆಟ್ ತೂತು 0.3 ಮಿ.ಮೀ. ಇದ್ದರೂ ಅದರ ಮುಂದೆ 8 ಮೈಕ್ರಾನ್ ಲೆಕ್ಕಕ್ಕೇ ಇಲ್ಲ, 20 ಮೈಕ್ರಾನ್ ಜಾಲರಿಯೂ ಅದನ್ನು ಹಿಡಿಯುವ ಖಾತ್ರಿಯಿಲ್ಲ. ಸ್ಪಿನ್ನಿಂಗ್ ಚೆನ್ನಾಗಿದೆ, ಡ್ರಾದಲ್ಲೇ (ಎಳೆತದಲ್ಲೇ) ತೊಂದರೆ ಎನ್ನುವವರ ಅರ್ಧ ದೂರುಗಳ ಹಿಂದೆ ಇರುವುದು ಇದೇ ಲೆಕ್ಕ. ಅವರು ಡ್ರಾ ಮೋಟರನ್ನು ಬಿಚ್ಚುತ್ತಿರುತ್ತಾರೆ.

ಗಂಟು ಎಲ್ಲಿ ಹುಟ್ಟಿತು

ಪುಡಿ ಸಣ್ಣಗಾದಷ್ಟೂ ಮೈ ಹೆಚ್ಚು. 2 ಮೈಕ್ರಾನ್ ಕಣದ ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು ಗ್ರಾಂ ತೆಗೆದುಕೊಂಡರೆ ಎಲ್ಲ ಕಣಗಳ ಮೈ ಸೇರಿ ಸುಮಾರು 1 ಚದರ ಮೀಟರ್. 70 ನ್ಯಾನೋಮೀಟರ್ ಕಣವಾದರೆ ಅದೇ ಒಂದು ಗ್ರಾಂಗೆ 30 ಚದರ ಮೀಟರಿಗೂ ಮೇಲೆ. ಈ ಮೈಗೆಲ್ಲ ಸ್ಟಿಯರಿಕ್ ಆಮ್ಲದ ಲೇಪ ಸಾಲಬೇಕು. ಮೈಕ್ರಾನ್ ಪುಡಿಗೆ ಹಾಕುವಷ್ಟೇ ಲೇಪ ಹಾಕಿ ನ್ಯಾನೋ ಎಂದು ಮಾರಿದರೆ ಬರಿಮೈ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ತೇವವನ್ನೂ ಎಳೆದುಕೊಳ್ಳುತ್ತವೆ.

ರಾಗಿ ಮುದ್ದೆ ತಿರುವುವಾಗ ಹಿಟ್ಟು ಒಮ್ಮೆ ಗಂಟು ಕಟ್ಟಿತೆಂದರೆ ಹೊರಗೆ ಬೆಂದು ಒಳಗೆ ಒಣ ಹಿಟ್ಟು ಉಳಿಯುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಕೋಲಾಡಿಸಬೇಕಾದ ಹೊತ್ತಿಗೆ ಆಡಿಸಬೇಕು. ಮಾಸ್ಟರ್‌ಬ್ಯಾಚ್‌ಗೂ ಹಾಗೆಯೇ. ಗಂಟು ಒಡೆಯಬೇಕಾದ್ದು ಮಾಸ್ಟರ್‌ಬ್ಯಾಚ್ ತಯಾರಿಸುವ ಕಾಂಪೌಂಡಿಂಗ್‌ನ ಜೋಡಿ ಸ್ಕ್ರೂ ಯಂತ್ರದಲ್ಲಿ. ನಮ್ಮ ಸ್ಪಿನ್ನಿಂಗ್ ಲೈನಿನ ಒಂಟಿ ಸ್ಕ್ರೂ ಕರಗಿಸುತ್ತದೆ, ನೂಕುತ್ತದೆ, ಗಂಟು ಒಡೆಯುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ತುದಿಯಲ್ಲಿ ಗಂಟು ಕಂಡಮೇಲೆ ಲೈನಿನಲ್ಲಿ ಸರಿಪಡಿಸುವಂಥದ್ದು ಏನೂ ಉಳಿದಿಲ್ಲ, ಮಾಲು ವಾಪಸ್ ಕಳಿಸಬೇಕು. ಹೊಸ ಲಾಟ್ ಕೊಳ್ಳುವಾಗ ಫಿಲ್ಟರ್ ಪ್ರೆಶರ್ ಪರೀಕ್ಷೆಯ ವರದಿ ಕೇಳಿ. ಇದಕ್ಕೆ ಮೊದಲು ಇಎನ್ 13900-5 ಎಂಬ ಮಾನದಂಡವಿತ್ತು, ಈಗ ಅದರ ಜಾಗದಲ್ಲಿ ಐಎಸ್‌ಒ 23900-5 ಇದೆ: ಗೊತ್ತಾದ ತೂಕದ ಮಾಸ್ಟರ್‌ಬ್ಯಾಚನ್ನು ಗೊತ್ತಾದ ಜಾಲರಿಯ ಮೂಲಕ ಹಾಯಿಸಿ, ಪ್ರೆಶರ್ ಎಷ್ಟು ಏರಿತು ಎಂದು ಅಳೆಯುತ್ತಾರೆ. ಕಣದ ಅಳತೆ ಇಷ್ಟು ನ್ಯಾನೋಮೀಟರ್ ಎಂಬ ಬಣ್ಣದ ಬ್ರೋಷರಿಗಿಂತ ಈ ಒಂದು ಅಂಕಿ ನಮಗೆ ಉಪಯೋಗ.

ಬೂದಿ ಲೆಕ್ಕ

ಕೆಲವು ಬಾಬಿನ್ ಚೆನ್ನಾಗಿದ್ದು ಕೆಲವು ಕಡಿಯುತ್ತಿದ್ದರೆ ಫಿಲ್ಲರ್ ಸಮನಾಗಿ ಬರುತ್ತಿಲ್ಲ. ಶೇ. 70 ಕಾರ್ಬೊನೇಟ್ ತುಂಬಿದ ಕಾಳಿನ ಸಾಂದ್ರತೆ ಸುಮಾರು 1.7, ಬರೀ ಪಿಪಿ ಕಾಳಿನದು 0.9. ಎರಡನ್ನೂ ಬೆರೆಸಿ ಒಂದೇ ಹಾಪರಿಗೆ ಸುರಿದರೆ ಯಂತ್ರದ ನಡುಕಕ್ಕೆ ಭಾರದ ಕಾಳು ಬೇರೆಯಾಗುತ್ತದೆ, ಹಾಪರಿನ ಆರಂಭದ ಮಾಲೇ ಬೇರೆ, ಕೊನೆಯ ಮಾಲೇ ಬೇರೆ. ಗಂಟೆಗೊಂದರಂತೆ ನೂಲು ತೆಗೆದು ಮಫಲ್ ಫರ್ನೇಸಿನಲ್ಲಿ (ಲ್ಯಾಬಿನ ವಿದ್ಯುತ್ ಕುಲುಮೆ) ಸುಟ್ಟು ಬೂದಿ ತೂಗಿ.

ಇಲ್ಲೊಂದು ಎಡವಟ್ಟಿದೆ. 550ರಿಂದ 600 ಡಿಗ್ರಿಯಲ್ಲಿ ಸುಟ್ಟರೆ ಉಳಿಯುವುದು ಕಾರ್ಬೊನೇಟೇ. 900ಕ್ಕೆ ಏರಿಸಿದರೆ ಅದು ಸುಣ್ಣವಾಗಿ, ಇಂಗಾಲದ ಡೈಆಕ್ಸೈಡ್ ಹೋಗಿ, 100 ಗ್ರಾಂ ಇದ್ದದ್ದು 56 ಗ್ರಾಂ ಆಗುತ್ತದೆ. ಬೇಗ ಸುಡಲಿ ಎಂದು ಫರ್ನೇಸ್ ಏರಿಸಿ, ಫಿಲ್ಲರ್ ಕಡಿಮೆ ಹಾಕಿ ಮೋಸ ಮಾಡಿದ್ದಾರೆ ಎಂದು ಸರಬರಾಜುದಾರರ ಮೇಲೆ ಜಗಳಕ್ಕೆ ಹೋಗುವವರಿದ್ದಾರೆ. ಫಿಲ್ಲರ್ ಸಾವಯವ ಲೇಪದ ಜೇಡಿಮಣ್ಣಾದರೆ ಲೇಪವೆಲ್ಲ ಸುಟ್ಟುಹೋಗಿ ಬೂದಿ ಹೇಗೂ ಕಡಿಮೆ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ತೇವ

ದಾವಣಗೆರೆ ಹತ್ತಿ ಗಿರಣಿಗಳ ಊರು. ಹಳೆಯ ಗಿರಣಿ ಕೆಲಸಗಾರರ ಕೈಗೆ ಒಂದು ಪಾಠ ಅಂಟಿಕೊಂಡಿದೆ: ನೂಲು ಕಡಿದರೆ ಗಾಳಿಗೆ ತೇವ ಕೊಡು. ಹತ್ತಿಗೆ ಅದು ಸರಿ, ತೇವ ಕುಡಿದ ಹತ್ತಿಯ ಬಲ ಹೆಚ್ಚುತ್ತದೆ. ಕರಗಿಸಿ ಎಳೆಯುವ ನೂಲಿನಲ್ಲಿ ಅದೇ ಪಾಠ ತಿರುಗುಬಾಣ. ಪಿಪಿ ನೀರು ಕುಡಿಯುವುದಿಲ್ಲ ನಿಜ, ಅದರೊಳಗೆ ಕೂತ ಫಿಲ್ಲರ್ ಕುಡಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಬಾಯಿ ಬಿಚ್ಚಿಟ್ಟ ಮಾಸ್ಟರ್‌ಬ್ಯಾಚ್ ಚೀಲ ಏಪ್ರಿಲ್‌ನಲ್ಲಿ ತಂಟೆ ಮಾಡದಿದ್ದರೂ ಆಷಾಢದ ಜಡಿಮಳೆಯಲ್ಲಿ ಮಾಡುತ್ತದೆ.

ಪರೀಕ್ಷೆಗೆ ಎರಡು ಗಾಜಿನ ಸ್ಲೈಡು, ಒಂದು ಹಾಟ್‌ಪ್ಲೇಟ್ ಸಾಕು. 230–240 ಡಿಗ್ರಿಗೆ ಕಾದ ಗಾಜಿನ ಮೇಲೆ ಕಾಳಿಟ್ಟು ಇನ್ನೊಂದು ಗಾಜಿನಿಂದ ಒತ್ತಿ. ಗುಳ್ಳೆ ಕಂಡರೆ ತೇವವಿದೆ. 80 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಒಣಗಿಸಿ ಮತ್ತೆ ಒತ್ತಿ. ಆಗಲೂ ಗುಳ್ಳೆ ಹೋಗದಿದ್ದರೆ ಅದು ನೀರಲ್ಲ, ಲೇಪವೇ ಆವಿಯಾಗುತ್ತಿದೆ.

ಪಾಲಿಯೆಸ್ಟರ್, ನೈಲಾನ್ ಓಡಿಸುವವರಿಗೆ ವಿಷಯ ಇನ್ನೂ ಗಂಭೀರ, ಅಲ್ಲಿ ನೀರು ಸರಪಳಿಯನ್ನೇ ಕತ್ತರಿಸುತ್ತದೆ. ಪಾಲಿಯೆಸ್ಟರ್ ಕಾಳಿನ ತೇವ ಹತ್ತು ಲಕ್ಷಕ್ಕೆ 50 ಭಾಗದೊಳಗೆ ಇರಬೇಕು. ಕಾಳನ್ನು ಶ್ರದ್ಧೆಯಿಂದ ಒಣಗಿಸಿ, ಫಿಲ್ಲರ್ ಮಾಸ್ಟರ್‌ಬ್ಯಾಚನ್ನು ಚೀಲದಿಂದ ನೇರ ಸುರಿದರೆ ಒಣಗಿಸಿದ್ದೆಲ್ಲ ದಂಡ.

ಗಂಟಿಲ್ಲ, ತೇವವಿಲ್ಲ, ಆದರೂ ಕಡಿಯುತ್ತಿದೆ

ಫಿಲ್ಲರ್ ಚೆನ್ನಾಗಿ ಹರಡಿದ್ದರೂ ತೊಂದರೆ ಕೊಡಬಲ್ಲದು. ಕೆಲವೊಮ್ಮೆ ಚೆನ್ನಾಗಿ ಹರಡಿದ್ದೇ ತೊಂದರೆಗೆ ಕಾರಣ.

ಕರಗಿದ ಪಿಪಿ ಬೇಗ ತಣ್ಣಗಾದರೆ ಅದರ ಸರಪಳಿಗಳಿಗೆ ಸರಿಯಾಗಿ ಹರಳುಗಟ್ಟಲು ಸಮಯ ಸಿಗುವುದಿಲ್ಲ, ಅರೆಬರೆ ಜೋಡಣೆಯಲ್ಲಿ ನಿಲ್ಲುತ್ತದೆ. ಎಳೆಯಲು ಅಂಥ ನೂಲೇ ಒಳ್ಳೆಯದು, ಮೆತ್ತಗೆ ಬಿಚ್ಚಿಕೊಂಡು ಉದ್ದವಾಗುತ್ತದೆ. ನ್ಯಾನೋ ಕಣ ಒಳಗಿದ್ದರೆ ಪ್ರತಿ ಕಣದ ಮೈಯೂ ಹರಳಿಗೆ ಬೀಜವಾಗಬಹುದು. ಆಗ ಇನ್ನೂ ಬಿಸಿ ಇರುವಾಗಲೇ, ಸ್ಪಿನ್ನರೆಟ್‌ಗೆ ಹತ್ತಿರದಲ್ಲೇ ಹರಳು ಶುರುವಾಗುತ್ತದೆ. ಗೋಡೆಟ್ ಮುಟ್ಟುವ ಹೊತ್ತಿಗೆ ನೂಲು ಪಿಪಿಯ ಸಾಮಾನ್ಯ ಹರಳಿನ ರೂಪವಾದ ಗಟ್ಟಿ ಆಲ್ಫಾ ಹರಳುಗಳಿಂದ ತುಂಬಿರುತ್ತದೆ. ಅದನ್ನು ಹಳೆಯ ಡ್ರಾ ರೇಶಿಯೋದಲ್ಲಿ ಎಳೆದರೆ ಒಂದು ಕಡೆ ಸಣ್ಣಗಾಗಿ ಇನ್ನೊಂದು ಕಡೆ ದಪ್ಪ ಉಳಿದು ಕಡಿಯುತ್ತದೆ. ಗಟ್ಟಿತನಕ್ಕೆಂದು ಹಾಕಿದ್ದು ಎಳೆತವನ್ನು ಕಟ್ಟಿಹಾಕಿತು. ಎಳೆತ ಕಡಿಮೆಯಾದರೆ ಸರಪಳಿಗಳು ನೂಲಿನ ಉದ್ದಕ್ಕೆ ಸಾಲುಗೂಡುವುದಿಲ್ಲ. ನೂಲಿನ ಬಲದ ದೊಡ್ಡ ಪಾಲು ಬರುವುದು ಆ ಸಾಲಿನಿಂದ, ಫಿಲ್ಲರಿನಿಂದಲ್ಲ.

ಇದನ್ನು ಹಿಡಿಯಲು ಡಿಎಸ್‌ಸಿ (ಕಾಯಿಸುವಾಗ, ತಣಿಸುವಾಗ ಮಾದರಿ ಎಷ್ಟು ಶಾಖ ಹೀರಿತು, ಬಿಟ್ಟಿತು ಎಂದು ಅಳೆಯುವ ಪರೀಕ್ಷೆ) ಬೇಕು. ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಗೆ ಮಾದರಿ ಕಳಿಸುವಾಗ ಎಳೆದ ನೂಲಷ್ಟೇ ಕಳಿಸಿದರೆ ಅರ್ಧ ಕಥೆ ಸಿಗುತ್ತದೆ. ಎಳೆಯದ ನೂಲು, ಎಳೆದ ನೂಲು, ಬರೀ ಪಿಪಿಯ ಎಳೆಯದ ನೂಲು ಮೂರನ್ನೂ ಕಳಿಸಿ. ಮೊದಲ ಸಲ ಕಾಯಿಸಿದ ರೇಖೆಯನ್ನೂ ಕೊಡಿ ಎಂದು ಬರೆದು ಕೇಳಿ. ಹಲವು ವರದಿಗಳಲ್ಲಿ ಎರಡನೇ ಸಲ ಕಾಯಿಸಿದ್ದು ಮಾತ್ರ ಇರುತ್ತದೆ, ಅಷ್ಟರಲ್ಲಿ ನಮ್ಮ ಲೈನು ನೂಲಿನಲ್ಲಿ ಬರೆದ ಚರಿತ್ರೆ ಕರಗಿ ಅಳಿಸಿರುತ್ತದೆ. ತಣಿಯುವ ರೇಖೆಯಲ್ಲಿ ಬರೀ ಪಿಪಿ 110–115 ಡಿಗ್ರಿಯ ಆಸುಪಾಸಿನಲ್ಲಿ ಹರಳುಗಟ್ಟಿ, ಫಿಲ್ಲರ್ ಇದ್ದದ್ದು 120ರ ಹತ್ತಿರ ಅಥವಾ ಮೇಲೆ ಹರಳುಗಟ್ಟಿದರೆ ಬೀಜದ ಪರಿಣಾಮ ಖಾತ್ರಿ. ಹರಳಿನ ಪ್ರಮಾಣ ಹಾಕುವಾಗ ಪೂರ್ಣ ಹರಳಾದ ಪಿಪಿಗೆ ಗ್ರಾಂಗೆ 207 ಜೂಲ್ ಎಂದು ಹಿಡಿಯುವುದು ವಾಡಿಕೆ, ಆದರೆ ಮಾದರಿಯ ತೂಕದಿಂದ ಫಿಲ್ಲರ್ ತೂಕ ಕಳೆದು ಭಾಗಿಸಿ.

ಕರಗುವ ರೇಖೆಯಲ್ಲಿ 165ರ ಮುಖ್ಯ ಶಿಖರದ ಹಿಂದೆ 150ರ ಸುತ್ತ ಇನ್ನೊಂದು ಸಣ್ಣ ಗುಬ್ಬ ಕಂಡರೆ ಅದು ಪಿಪಿಯ ಇನ್ನೊಂದು ಹರಳಿನ ರೂಪ, ಬೀಟಾ ಹರಳು. ಕೆಲವು ಲೇಪದ ನ್ಯಾನೋ ಕಾರ್ಬೊನೇಟ್ ಅದನ್ನು ಹುಟ್ಟಿಸುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಹರಳಿನ ರಚನೆ ಗುರುತಿಸುವ ಪರೀಕ್ಷೆ) 16 ಡಿಗ್ರಿ ಕೋನದ ಹತ್ತಿರ ಶಿಖರವೂ ಬಂದರೆ ಸಂಶಯ ಬೇಡ. ಬೀಟಾ ಹರಳು ಎಳೆಯುವಾಗ ಆಲ್ಫಾ ಆಗಿ ಬದಲಾಗುತ್ತದೆ, ಆ ಬದಲಾವಣೆಯಲ್ಲಿ ಒಳಗೆ ಸೂಕ್ಷ್ಮ ಪೊಳ್ಳುಗಳು ಹುಟ್ಟಿ ನೂಲು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ.

ಬಿಳಿ ಬಣ್ಣ ಪೊಳ್ಳಿನದೋ ಫಿಲ್ಲರಿನದೋ ಎಂದು ಲ್ಯಾಬಿಲ್ಲದೆಯೂ ತಿಳಿಯಬಹುದು. ಶೇ. 3 ಕಾರ್ಬೊನೇಟ್ ಇರುವ ಪೊಳ್ಳಿಲ್ಲದ ಪಿಪಿ ನೂಲಿನ ಸಾಂದ್ರತೆ 0.92ರ ಹತ್ತಿರ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸುತ್ತ ಹೈಡ್ರೋಮೀಟರಿನಲ್ಲಿ 0.90ಕ್ಕೆ ತನ್ನಿ. ಫಿನಿಶ್ ಹೋಗುವಂತೆ ಸೋಪಿನಲ್ಲಿ ತೊಳೆದ ನೂಲಿನ ಚೂರನ್ನು ಗಾಳಿ ಗುಳ್ಳೆ ಇಲ್ಲದಂತೆ ಒದ್ದೆ ಮಾಡಿ ಅದರಲ್ಲಿ ಬಿಡಿ. ಮುಳುಗಿದರೆ ಒಳಗೆ ಹೆಚ್ಚು ಪೊಳ್ಳಿಲ್ಲ, ಬಿಳುಪು ಫಿಲ್ಲರಿನದೇ. ತೇಲಿದರೆ ಪೊಳ್ಳಿದೆ. ಬೆಂಕಿಯಿಂದ ದೂರ ಮಾಡಿ ಈ ಕೆಲಸವನ್ನು.

ಹರಳಿನ ದೋಷಕ್ಕೆ ಮದ್ದು ಲೈನಿನಲ್ಲೇ ಇದೆ. ಕ್ವೆಂಚ್ ಗಾಳಿಯನ್ನು ತಣ್ಣಗೆ ಮಾಡಿ. ಎಳೆತವನ್ನು ಒಂದೇ ಏಟಿಗೆ ಬೇಡ, ಎರಡು ಹಂತಕ್ಕೆ ಹಂಚಿ. ಎಳೆತದ ಗೋಡೆಟ್ ಶಾಖವನ್ನು ಸ್ವಲ್ಪ ಏರಿಸಿ, ಹೀಟರಿನ ಗುಂಡಿ ಮುಟ್ಟಬೇಕಾದ ಜಾಗ ಇದು, ಎಕ್ಸ್‌ಟ್ರೂಡರ್ ಅಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಷ್ಟರ ಮೇಲೂ ಬಾರದಿದ್ದರೆ ಫಿಲ್ಲರನ್ನೇ ಅರ್ಧಕ್ಕೆ ಇಳಿಸಿ. ಶೇ. 3ರಲ್ಲಿ ಬಾರದ ಬಲ ಶೇ. 1ರಲ್ಲಿ ಬಂದದ್ದಕ್ಕೆ ಆಶ್ಚರ್ಯಪಡುವಂಥದ್ದೇನಿಲ್ಲ.

ನೈಲಾನ್ ಮತ್ತು ಜೇಡಿ

ನೈಲಾನ್ 6ರೊಳಗೆ ಮಾಂಟ್‌ಮೊರಿಲೊನೈಟ್ ಜೇಡಿಯ ಹಾಳೆಗಳನ್ನು ಬಿಡಿಸಿ ಹರಡುವ ಕೆಲಸವನ್ನು 1980ರ ದಶಕದಲ್ಲಿ ಜಪಾನಿನ ಟೊಯೊಟಾ ಸಂಶೋಧಕರು ಮಾಡಿ ತೋರಿಸಿದರು. ಹಾಳೆಯ ದಪ್ಪ 1 ನ್ಯಾನೋಮೀಟರ್. ಅವರು ಹಾಳೆಗಳ ನಡುವೆಯೇ ನೈಲಾನ್ ತಯಾರಿಸಿದ್ದರು, ನಾವು ಕೊಳ್ಳುವುದು ಕರಗಿಸಿ ಬೆರೆಸಿದ್ದು, ಎರಡಕ್ಕೂ ಅಂತರವಿದೆ. ಜೇಡಿ ಸೇರಿದ ನೈಲಾನ್ ಆಲ್ಫಾ ಬದಲು ಗಾಮಾ ಹರಳಿನ ಕಡೆ ವಾಲುತ್ತದೆ. ಎಕ್ಸ್‌ಆರ್‌ಡಿಯಲ್ಲಿ 20 ಮತ್ತು 24 ಡಿಗ್ರಿಯ ಹತ್ತಿರದ ಎರಡು ಶಿಖರಗಳ ಬದಲು 21ರ ಸುತ್ತ ಒಂದೇ ಶಿಖರ ಏಳುವುದು ಅದರ ಗುರುತು.

ಜೇಡಿ ಬಿಡಿಸಿಕೊಂಡಿದೆಯೇ ಎಂದು ನೋಡಲು ಎಕ್ಸ್‌ಆರ್‌ಡಿಯ ಸಣ್ಣ ಕೋನದ ಶಿಖರ, ಅಂದರೆ ಹಾಳೆಗಳು ಇನ್ನೂ ಒಂದರ ಮೇಲೊಂದು ಇರುವುದರ ಗುರುತು, ಮಾಯವಾಗಿದೆಯೇ ಎಂದು ಹುಡುಕುತ್ತಾರೆ. ಮಾಯವಾದ ಮಾತ್ರಕ್ಕೆ ಬಿಡಿಸಿಕೊಂಡಿದೆ ಎಂದಲ್ಲ, ಜೇಡಿ ತೀರಾ ಕಡಿಮೆಯಿದ್ದರೂ ಶಿಖರ ಕಾಣುವುದಿಲ್ಲ. ಮೊದಲು ಬೂದಿ ಲೆಕ್ಕ ಸರಿಯಿದೆಯೇ ನೋಡಿ. ಇನ್ನು, ಜೇಡಿಗೆ ಲೇಪವಾಗಿರುವ ಅಮೋನಿಯಂ ಲವಣ 200 ಡಿಗ್ರಿಯ ಸುಮಾರಿಗೆ ಕೆಡಲು ಶುರುವಾಗುತ್ತದೆ. ಪಾಲಿಯೆಸ್ಟರ್ ಕರಗಿಸುವ 280ರ ಆಚೆ ಅದರ ಗತಿ ಊಹಿಸಿ. ನೂಲು ಹಳದಿಯಾಗಿ ವಾಸನೆ ಬಂದರೆ ಇದೇ ಕಾರಣ. ಸಣ್ಣ ಘಟಕದವರು ಪಾಲಿಯೆಸ್ಟರ್‌ಗೆ ಇಂಥ ಜೇಡಿ ಹಾಕುವ ಗೋಜಿಗೆ ಹೋಗಬಾರದೆಂದೇ ನನ್ನ ಅಭಿಪ್ರಾಯ.

ಲೈನಿನಲ್ಲಿ ಚೆನ್ನಾಗಿದ್ದು ಬಿಸಿಲಿನಲ್ಲಿ ಪುಡಿಯಾಗುವುದು

ಎಪಿಎಂಸಿ ಅಂಗಳದಲ್ಲಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಚೀಲ ಜೀರ್ಣವಾದರೆ ಎರಡು ಕಡೆ ನೋಡಿ. ಬಿಳುಪಿಗೆ ಹಾಕಿದ ಟೈಟಾನಿಯಂ ಡೈಆಕ್ಸೈಡ್ ಲೇಪವಿಲ್ಲದ ಅನಾಟೇಸ್ ಆಗಿದ್ದರೆ ಬಿಸಿಲಿನ ನೇರಳಾತೀತ ಕಿರಣದಲ್ಲಿ ಅದೇ ಪಾಲಿಮರನ್ನು ತಿನ್ನುತ್ತದೆ. ಇನ್ನೊಂದು, ಸಿಲಿಕಾದಂಥ ಹೆಚ್ಚು ಮೈಯ ಫಿಲ್ಲರ್, ನಾವು ಹಾಕಿದ ಯುವಿ ಸ್ಟೆಬಿಲೈಸರನ್ನು ತನ್ನ ಮೈಗೆ ಅಂಟಿಸಿಕೊಂಡು ಪಾಲಿಮರಿಗೆ ಸಿಗದಂತೆ ಮಾಡುತ್ತದೆ. ಡೋಸ್ ಪುಸ್ತಕದಲ್ಲಿ ಸರಿಯಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಇವೆಲ್ಲ ಸರಿಯಿದ್ದೂ ವೈಂಡರ್ ಹತ್ತಿರವೇ ಎಳೆ ಜುಂಗಾಗಿ ಕಡಿಯುತ್ತಿದ್ದರೆ ನೂಲನ್ನು ಬಿಟ್ಟು ಗೈಡ್ ಬಿಚ್ಚಿ. ಕಾರ್ಬೊನೇಟ್ ಮೆದು, ಗಡಸುತನದ ಮೋಸ್ ಅಳತೆಯಲ್ಲಿ 3. ಟೈಟಾನಿಯಂ ಡೈಆಕ್ಸೈಡ್ ಅದಕ್ಕಿಂತ ಬಹಳ ಗಡಸು. ಗಡಸು ಫಿಲ್ಲರಿಗೆ ಬದಲಿಸಿದ ಮೇಲೆ ಗೈಡ್ ಎಂದಿಗಿಂತ ಬೇಗ ಸವೆಯುತ್ತದೆ. ದಾರ ಓಡುವ ಜಾಗದಲ್ಲಿ ಉಗುರು ಆಡಿಸಿ, ಗೀರು ಉಗುರಿಗೆ ಸಿಕ್ಕಿದರೆ ಆ ಗೈಡ್ ತೆಗೆದು ಹೊಸದು ಹಾಕಿ, ಹಾಕಿದ ತಾರೀಕನ್ನು ಮಾಸ್ಟರ್‌ಬ್ಯಾಚ್ ಲಾಟ್ ನಂಬರಿನ ಪಕ್ಕದಲ್ಲೇ ಬರೆದಿಡಿ.